ಗೋಡೆಯಾಚೆಯ ಮೇಕೆಗಳು

ನಾವಿಬ್ಬರೂ ಮಾಗಡಿಯ ಈ ಮೇಕೆ ಫಾರಂಗೆ ಕೆಲಸಕ್ಕೆ ಬಂದಾಗ ಮಾಲೀಕರು ತೋರಿಸಿದ ಕೋಣೆಗೂ ಕೊಟ್ಟಿಗೆಗೂ ನಡುವೆ ಇದ್ದುದು ಒಂದೇ ಗೋಡೆ. "ರಾತ್ರಿ ಸದ್ದಾದರೆ ಕೇಳಿಸಲಿ ಅಂತಲೇ ಹೀಗೆ ಕಟ್ಟಿಸಿದ್ದು" ಎಂದರು. ಸಾವನದುರ್ಗದ ಕಾಡು ದೂರವಿಲ್ಲ, ಚಿರತೆಯ ಭಯ. ಕೊಟ್ಟಿಗೆಯ ಚಿಲಕವನ್ನು ಎರಡು ಸಲ ನೋಡದೆ ನಾವು ಮಲಗುವುದಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕೇಳಿ ಬೆಳೆದವರು ನಾವು. ಇಲ್ಲಿಯ ಮೇಕೆಗಳಿಗೆ ಆ ಗಾದೆ ಗೊತ್ತಿದ್ದಂತಿಲ್ಲ! ತುಳಿದ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ. ಹಲಸಿನ ಸೊಪ್ಪನ್ನು ಎತ್ತರಕ್ಕೆ ಕಟ್ಟಿ ತೂಗುಹಾಕಬೇಕು. ತೇವಕ್ಕೆ ಗೊರಸು ಕೊಳೆಯಬಾರದೆಂದು ನೆಲಕ್ಕೆ ಹಲಗೆಯ ಅಟ್ಟಣೆ; ಸಂದಿನಿಂದ ಕೆಳಗೆ ಬಿದ್ದ ಹಿಕ್ಕೆ ಗುಡಿಸುವುದೇ ಫಜ್ರ್ ನಮಾಜಿನ ನಂತರದ ಮೊದಲ ಕೆಲಸ.

ಮೇಕೆ ಗಬ್ಬವಾಗಿ ಸುಮಾರು 150 ದಿನಕ್ಕೆ ಈಯುತ್ತದೆ. ನಮ್ಮ ಕೈಯಲ್ಲಿ ಮೊದಲ ಮರಿ ಹುಟ್ಟಿದ ರಾತ್ರಿ ಮಳೆ, ಕರೆಂಟಿಲ್ಲ. ಮರಿ ಏಳಲೇ ಇಲ್ಲ. ಪಕ್ಕದ ತೋಟದ ಅಜ್ಜಿ ಲಾಟೀನು ಹಿಡಿದು ಬಂದರು. "ನೋಡ್ತಾ ನಿಂತ್ರೆ ಆಯ್ತದಾ? ಒಣಬಟ್ಟೇಲಿ ಉಜ್ಜಪ್ಪ, ಗಿಣ್ಣಾಲು ಬಾಯಿಗೆ ಹಿಂಡವ್ವ!" ಬೆಳಕು ಹರಿಯುವಷ್ಟರಲ್ಲಿ ಮರಿ ನಿಂತಿತು.

ಅದು ಹೋತಮರಿ. ಕುರ್ಬಾನಿಯ ಮೇಕೆಗೆ ಒಂದು ವರ್ಷ ತುಂಬಿರಬೇಕು, ಅಂಗ ಊನವಿರಬಾರದು. ಬರುವ ಬಕ್ರೀದಿಗೆ ಇದಕ್ಕೆ ವರ್ಷ ತುಂಬಿರುತ್ತದೆ. ಮಾಲೀಕರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಾವು ಅದಕ್ಕೆ ಹೆಸರಿಟ್ಟಿಲ್ಲ. ಆದರೂ ನಮ್ಮ ಕೋಣೆಯ ಬಾಗಿಲು ಕಿರ್ರೆಂದರೆ ಸಾಕು, ಮಂದೆ ಬಿಟ್ಟು ಓಡಿಬರುವುದು ಅದೊಂದೇ.