ತುಂಗೆಯ ದಡದಲ್ಲಿ ‘ಪರದೇಶಿ’ಗಳು

ಕೊಪ್ಪದಿಂದ ಶೃಂಗೇರಿಯ ಕಡೆಗೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ ಹರಿಹರಪುರ. ಎರಡೂ ಬದಿಗೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಕಾಡು, ತಿರುವು ತಿರುವಿಗೂ ತಂಪು ಗಾಳಿ. ಶೃಂಗೇರಿಯಲ್ಲಿ ಶಾರದೆಯ ಪಾದ ತೊಳೆದು ಬಂದ ತುಂಗೆ ಇಲ್ಲಿ ಹಾದು ಮುಂದೆ ತೀರ್ಥಹಳ್ಳಿಯ ಹಾದಿ ಹಿಡಿಯುತ್ತಾಳೆ. ದಕ್ಷಬ್ರಹ್ಮ ಯಜ್ಞ ಮಾಡಿದ ಜಾಗ ಇದೇ ಎಂದು ಸ್ಥಳಪುರಾಣ. ನದಿಯ ದಡದಲ್ಲಿ ಶಾರದಾ ಲಕ್ಷ್ಮೀನರಸಿಂಹ ಪೀಠದ ಮಠ. 2022ರ ಏಪ್ರಿಲ್‌ನಲ್ಲಿ ಇಲ್ಲಿ ಮಹಾಕುಂಭಾಭಿಷೇಕ ನಡೆದ ಮೇಲಂತೂ ದೂರದೂರದಿಂದ ಬರುವವರ ಸಂಖ್ಯೆ ಹೆಚ್ಚಿದೆ.

ದೇವರ ದರ್ಶನ ಮಾಡಿ, ಹೊಳೆಯ ನೀರು ತಲೆಗೆ ಚಿಮುಕಿಸಿಕೊಂಡು ಹಿಂದಿರುಗಿದರೆ ಊರು ನೋಡಿದಂತಾಗಲಿಲ್ಲ. ಒಳರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು. ಹಂಚಿನ ಮಾಡಿನ ದೊಡ್ಡ ದೊಡ್ಡ ಮನೆಗಳು, ಅಡಿಕೆ ಒಣಗಿಸಲು ವಿಶಾಲವಾದ ಅಂಗಳ. ಆದರೆ ಮನೆಯೊಳಗೆ? ಹೆಚ್ಚಿನ ಕಡೆ ಇಬ್ಬರೇ ಇಬ್ಬರು, ಅಜ್ಜ ಮತ್ತು ಅಜ್ಜಿ. ಮಕ್ಕಳೆಲ್ಲಿ ಎಂದರೆ ಒಬ್ಬ ಬೆಂಗಳೂರು, ಒಬ್ಬಳು ಅಮೆರಿಕ. ಕೊಪ್ಪ, ಶೃಂಗೇರಿ ಸೀಮೆಯ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿಂದುಹಾಕಿದೆ. ಅದರ ಮೇಲೆ ಈಚಿನ ವರ್ಷಗಳ ಎಲೆಚುಕ್ಕಿ ಕಾಟ. “ತೋಟ ನಂಬಿ ಕೂರಬೇಡ, ಓದು” ಎಂದು ಹೇಳಿ ಹೇಳಿ ಮಕ್ಕಳನ್ನು ಬೆಳೆಸಿದ ಮನೆಗಳಿವು. ಮಕ್ಕಳು ಓದಿದರು, ಹೋದರು.

ಹಾಗೆ ಹೋದವರಲ್ಲಿ ಕೆಲವರು ಈಗ ನಿವೃತ್ತರಾಗಿ ಹಿಂದಿರುಗುತ್ತಿದ್ದಾರೆ. ನಾನು ಉಳಿದುಕೊಂಡದ್ದು ಅಂಥದೇ ಒಂದು ಮನೆಯಲ್ಲಿ. ಮೂವತ್ತು ವರ್ಷ ಅಮೆರಿಕದಲ್ಲಿದ್ದು, ಅಲ್ಲಿನ ಪೌರತ್ವವನ್ನೂ ಪಡೆದು, ಮಾವನವರ ತೋಟಕ್ಕೆ ಮರಳಿ ಬಂದ ದಂಪತಿ. ಬೆಳಿಗ್ಗೆ ಕಡುಬು ಬಡಿಸುತ್ತಾ ಆಕೆ ನಗುನಗುತ್ತಲೇ ಅಂದರು: “ಅಲ್ಲಿದ್ದಾಗ ನಾವು ಇಂಡಿಯಾದವರು ಅಕ್ಕ. ಇಲ್ಲಿಗೆ ಬಂದ ಮೇಲೆ ಕಾಗದದಲ್ಲಿ ಅಮೆರಿಕದವರು. ಎರಡೂ ಕಡೆ ಪರದೇಶಿಗಳೇ!”

ನಮ್ಮ ಮಾತಿನಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವ ಎಂದಷ್ಟೇ ಅಲ್ಲವಲ್ಲ, ದಿಕ್ಕಿಲ್ಲದವ ಎಂದೂ ಅರ್ಥ. ಆಕೆಯ ನಗುವಿನ ಹಿಂದೆ ಏನಿತ್ತೆಂದು ತಿಳಿದದ್ದು ಅನಂತರ. ಅವರ ತೋಟಕ್ಕೆ ಅಬ್ಬಿ ನೀರು ಬರುವುದು ಪಕ್ಕದವರ ಅರ್ಧ ಎಕರೆಯ ಮೂಲಕ. ಆ ಅರ್ಧ ಎಕರೆ ಮಾರಾಟಕ್ಕೆ ಬಂತು. ಮಾರುವವರಿಗೂ ಇವರಿಗೇ ಕೊಡುವ ಆಸೆ, ಇವರ ಕೈಯಲ್ಲಿ ಹಣವೂ ಇತ್ತು. ಆದರೆ ಕೊಳ್ಳುವಂತಿರಲಿಲ್ಲ. ತೋಟ ಬೇರೆಯವರ ಪಾಲಾಯಿತು. ಈಗ ಬೇಸಿಗೆ ಬಂತೆಂದರೆ ನೀರಿಗಾಗಿ ಅವರ ಮುಖ ನೋಡಬೇಕು.

ಯಾಕೆ ಹೀಗೆ ಅಂತೀರಾ? ನಮ್ಮ ದೇಶದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಅದೇ ಗಳಿಗೆಯಿಂದ ಭಾರತದ ಪ್ರಜೆಯಲ್ಲ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು. ಇಂಥವರಿಗಾಗಿ 2005ರಲ್ಲಿ ಕಾಯ್ದೆ ತಿದ್ದಿ ‘ಒಸಿಐ’ ಎಂಬ ಕಾರ್ಡು ತಂದರು. ಹೆಸರಿನಲ್ಲಿ ‘ಸಾಗರೋತ್ತರ ಭಾರತೀಯ ಪ್ರಜೆ’ ಎಂದಿದ್ದರೂ ಅದು ಪೂರ್ಣ ಪೌರತ್ವವಲ್ಲ. ಅದಿದ್ದರೆ ಎಷ್ಟು ಸಲ ಬೇಕಾದರೂ ವೀಸಾ ಇಲ್ಲದೆ ಬರಬಹುದು, ಎಷ್ಟು ಕಾಲವಾದರೂ ಇರಬಹುದು, ಪೇಟೆಯಲ್ಲಿ ಮನೆ, ಸೈಟು ಕೊಳ್ಳಬಹುದು. ಆದರೆ ಓಟು ಹಾಕುವಂತಿಲ್ಲ. ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್ ಹೌಸ್ ಈ ಮೂರನ್ನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ರೈತರಲ್ಲದವರೂ ಜಮೀನು ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಯನ್ನು ಸಡಿಲಿಸಿದರಷ್ಟೆ. ಅದರಿಂದ ಇವರಿಗೇನೂ ಉಪಯೋಗವಾಗಲಿಲ್ಲ, ಏಕೆಂದರೆ ಇವರನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯದ ನಿಯಮ.

ಹಾಗಾದರೆ ಹಿರಿಯರ ತೋಟ ಕೈತಪ್ಪುತ್ತದೆಯೇ? ಇಲ್ಲ, ಆ ಭಯ ಬೇಡ. ಅಪ್ಪ ಅಮ್ಮನಿಂದ, ಅತ್ತೆ ಮಾವನಿಂದ ವಾರಸಾಗಿ ಬರಬೇಕಾದದ್ದು ಒಸಿಐ ಕಾರ್ಡಿನವರಿಗೂ ಬರುತ್ತದೆ. ಹಾಗೆ ಬಂದದ್ದನ್ನು ಮುಂದೆ ಮಾರುವುದಾದರೆ ಮಾತ್ರ ಭಾರತದಲ್ಲೇ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು.

ವಾರಸು ಬರುತ್ತದೆ ಎನ್ನುವುದು ಸರಿ, ಆದರೆ ತಾನೇ ನಡೆದು ಬರುವುದಿಲ್ಲ. ಪಹಣಿಯಲ್ಲಿ ಇನ್ನೂ ಸತ್ತ ಅಜ್ಜನ ಹೆಸರೇ ಇರುವ ಮನೆಗಳು ಮಲೆನಾಡಿನಲ್ಲಿ ಎಷ್ಟಿಲ್ಲ! ಪೌತಿ ಖಾತೆ ಮಾಡಿಸಬೇಕೆಂದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಆ ವೃಕ್ಷದ ಕೊಂಬೆಗಳೆಲ್ಲ ಒಪ್ಪಬೇಕು. ಒಂದು ಕೊಂಬೆ ಕ್ಯಾಲಿಫೋರ್ನಿಯಾದಲ್ಲಿ, ಇನ್ನೊಂದು ಸಿಡ್ನಿಯಲ್ಲಿ ಇದ್ದರೆ? ಅವರು ಇಲ್ಲಿರುವ ಒಬ್ಬರಿಗೆ ಮುಖ್ತ್ಯಾರ್‌ನಾಮೆ, ಅಂದರೆ ‘ಪವರ್ ಆಫ್ ಅಟಾರ್ನಿ’ ಬರೆದು ಕಳಿಸಬೇಕು. ಮನೆಯಲ್ಲಿ ಕೂತು ಸಹಿ ಹಾಕಿ ಅಂಚೆಗೆ ಹಾಕಿದರೆ ನಡೆಯದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು, ಇಲ್ಲವೇ ನೋಟರಿ ಮುಂದೆ ಸಹಿ ಮಾಡಿ ‘ಅಪೊಸ್ಟೈಲ್’ ಮುದ್ರೆ ಹಾಕಿಸಬೇಕು. ಪತ್ರ ಇಲ್ಲಿಗೆ ತಲುಪಿದ ಮೇಲೆ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು. ಈ ಮೂರು ತಿಂಗಳ ಮಾತು ಗೊತ್ತಿಲ್ಲದೆ ಪತ್ರವನ್ನು ಗಾಡ್ರೇಜ್ ಬೀರುವಿನಲ್ಲಿ ಭದ್ರವಾಗಿ ಇಟ್ಟುಕೊಂಡವರಿದ್ದಾರೆ!

ಇನ್ನು ಹೆಸರಿನ ಗೋಳು. ಇದು ಮುಖ್ಯವಾಗಿ ನಮ್ಮ ಹೆಂಗಸರದೇ. ಹುಟ್ಟಿದಾಗ ಇಟ್ಟ ಹೆಸರೊಂದು, ಮದುವೆಯ ದಿನ ಅಕ್ಕಿಯ ಮೇಲೆ ಬರೆಸಿದ ಹೆಸರೊಂದು. ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಇನಿಶಿಯಲ್, ಪಡಿತರ ಚೀಟಿಯಲ್ಲಿ ‘ಕೋಂ’ ಎಂದು ಗಂಡನ ಹೆಸರು. ನಮ್ಮ ಕೇರಿಯಲ್ಲಿ ಯಾರಿಗೂ ಇದರಿಂದ ಗೊಂದಲವಿಲ್ಲ. ವಿದೇಶದ ಫಾರಂ ಮಾತ್ರ ‘ಕೊನೆಯ ಹೆಸರು ಏನು?’ ಎಂದು ಕೇಳುತ್ತದೆ. ಕೊನೆಯ ಹೆಸರೇ ಇಲ್ಲದ ನಾವು ಏನು ಬರೆಯುವುದು? ಒಬ್ಬರು ಊರ ಹೆಸರು ಬರೆದರು, ಒಬ್ಬರು ಗಂಡನ ಹೆಸರು, ಒಬ್ಬರು ‘ಅಮ್ಮ’ ಎಂದೇ ಬರೆದರು. ಹತ್ತು ವರ್ಷದ ಮೇಲೆ ಖಾತೆಗೆ ಹೋದಾಗ ಇವರೆಲ್ಲ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ ಸಾಬೀತು ಮಾಡಬೇಕಾಗುತ್ತದೆ.

ಜನ್ಮದಿನದ್ದೂ ಇದೇ ಕಥೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮೊದಲು ತೋಟದ ಮನೆಯಲ್ಲಿ, ಆಷಾಢದ ಮಳೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರ ಜನನ ಎಷ್ಟೋ ಕಡೆ ದಾಖಲೆಯೇ ಆಗಿಲ್ಲ. ಜಾತಕ ಇದೆ, ನಕ್ಷತ್ರ ಗೊತ್ತು, ಆದರೆ ದೂತಾವಾಸಕ್ಕೆ ನಕ್ಷತ್ರ ಬೇಡ. ಅಂಥವರು ‘ಜನನ ದಾಖಲಾಗಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಜತೆಗೆ ತಿಳಿದ ಹಿರಿಯರ ಪ್ರಮಾಣಪತ್ರವನ್ನೂ ಇಡಬೇಕು. ಮದುವೆಯದೂ ಹಾಗೇ. ಐವತ್ತು ವರ್ಷ ಸಂಸಾರ ಮಾಡಿದ ಮೇಲೆ, ಮೊಮ್ಮಕ್ಕಳನ್ನು ಎತ್ತಿಕೊಂಡೇ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಮದುವೆ ನೋಂದಾಯಿಸಿಕೊಂಡ ಅಜ್ಜ ಅಜ್ಜಿಯರು ಈ ಸೀಮೆಯಲ್ಲಿ ಅಪರೂಪವೇನಲ್ಲ.

ಇದು ಹಿಂದಿರುಗಿದವರ ಪಾಡಾದರೆ, ಇಲ್ಲಿಂದ ಮಕ್ಕಳ ಬಳಿಗೆ ಹೋಗುವ ಹಿರಿಯರ ಪಾಡು ಇನ್ನೊಂದು. ಮಗಳ ಬಾಣಂತನಕ್ಕೆಂದು ಮಿಡಿ ಉಪ್ಪಿನಕಾಯಿ, ಲೇಹ್ಯದ ಡಬ್ಬಿ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟ ತಾಯಿಗೆ ಸಾಮಾನ್ಯವಾಗಿ ಸಿಗುವುದು ಒಂದು ಸಲಕ್ಕೆ ಆರು ತಿಂಗಳು. ಅಷ್ಟು ದಿನದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಹೆಚ್ಚಾದರೆ? ಸಂದರ್ಶಕರಿಗಾಗಿ ಇರುವ ವಿಮೆಗಳಲ್ಲಿ ಹೆಚ್ಚಿನವು ಹಳೆಯ ಕಾಯಿಲೆಗೆ ಪೂರ್ತಿ ಹಣ ಕೊಡುವುದಿಲ್ಲ. ಮಕ್ಕಳು ಅಲ್ಲಿನ ಪ್ರಜೆಗಳಾದರೆ ತಂದೆ ತಾಯಿಗೆ ‘ಗ್ರೀನ್ ಕಾರ್ಡ್’ ಮಾಡಿಸಬಹುದು. ಆದರೆ ಸರ್ಕಾರದ ವೃದ್ಧರ ವಿಮೆ ‘ಮೆಡಿಕೇರ್’ಗೆ, ಅಲ್ಲಿ ದುಡಿದ ದಾಖಲೆಯಿಲ್ಲದವರು ಅರವತ್ತೈದು ತುಂಬಿದ್ದರೂ ಐದು ವರ್ಷ ಅಲ್ಲೇ ವಾಸ ಮಾಡಿರಬೇಕು, ಮೇಲಾಗಿ ಹಣ ಕಟ್ಟಿ ಕೊಳ್ಳಬೇಕು. ಗ್ರೀನ್ ಕಾರ್ಡ್ ಇಟ್ಟುಕೊಂಡು ‘ಈ ವರ್ಷದ ಕೊಯ್ಲು ಮುಗಿಸಿ ಬರುತ್ತೇವೆ’ ಎಂದು ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದರೆ, ಮೊದಲೇ ಮರುಪ್ರವೇಶದ ಪರವಾನಗಿ ಪಡೆಯದಿದ್ದರೆ, ಆ ಕಾರ್ಡು ತೋರಿಸಿ ಒಳಗೆ ಹೋಗುವಂತಿಲ್ಲ. ತೋಟದ ಲೆಕ್ಕ ಒಂದು, ಕಾರ್ಡಿನ ಲೆಕ್ಕ ಇನ್ನೊಂದು!

ನಿವೃತ್ತ ಮೇಷ್ಟರಿಗೆ, ಅವರ ವಿಧವೆಗೆ ಮತ್ತೊಂದು ಪರೀಕ್ಷೆ ನವೆಂಬರಿನಲ್ಲಿ. ‘ನಾನು ಬದುಕಿದ್ದೇನೆ’ ಎಂದು ವರ್ಷಕ್ಕೊಮ್ಮೆ ತೋರಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊದಲೆಲ್ಲ ಬ್ಯಾಂಕಿಗೆ ಖುದ್ದಾಗಿ ಹೋಗಬೇಕಿತ್ತು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಆಧಾರ್ ಮೂಲಕ ಬೆರಳೊತ್ತಿದರೆ ಸಾಕಾಯಿತು. ಆದರೆ ವರ್ಷಗಟ್ಟಲೆ ಅಡಿಕೆ ಸುಲಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸಬೇಕಲ್ಲ! 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದಾಗಿದೆ. ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲೂ ಪ್ರಮಾಣಪತ್ರ ಮಾಡಿಸಬಹುದು.

ಇದನ್ನೆಲ್ಲ ಕೇಳಿ ‘ಅಯ್ಯೋ, ಹೋಗುವುದೇ ಬೇಡ’ ಎನ್ನಬೇಡಿ. ಮಕ್ಕಳು ಕರೆದರೆ ಹೋಗಬೇಕು, ಮೊಮ್ಮಕ್ಕಳನ್ನು ಆಡಿಸಬೇಕು. ಹೊರಡುವ ಮುನ್ನ ಮಾತ್ರ ಉಪ್ಪಿನಕಾಯಿ ಭರಣಿಗೆ ಕೊಡುವಷ್ಟೇ ಗಮನವನ್ನು ಕಾಗದಪತ್ರಕ್ಕೂ ಕೊಡಿ. ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್ ಪುಸ್ತಕ, ಪಹಣಿ ನಾಲ್ಕನ್ನೂ ಒಟ್ಟಿಗೆ ಹರಡಿಕೊಂಡು, ನಿಮ್ಮ ಹೆಸರು ಅಕ್ಷರ ಅಕ್ಷರವೂ ಒಂದೇ ಇದೆಯೇ ನೋಡಿ. ಇಲ್ಲವೆಂದರೆ ಇಲ್ಲಿದ್ದಾಗಲೇ ತಿದ್ದಿಸಿ. ಪೌತಿ ಖಾತೆ ಬಾಕಿ ಇದ್ದರೆ, ಮಕ್ಕಳೆಲ್ಲ ಊರಿಗೆ ಬರುವ ದೀಪಾವಳಿಯಲ್ಲೋ ಮದುವೆಯಲ್ಲೋ ಎರಡು ದಿನ ತೆಗೆದಿಟ್ಟು ಕೆಲಸ ಮುಗಿಸಿಕೊಳ್ಳಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ನಾಚಿಕೆಪಡಬೇಡಿ, ಮಾಡಿಸಿ. ಎಲ್ಲದರ ಒಂದೊಂದು ಪ್ರತಿ ನಂಬಿಕೆಯವರ ಮನೆಯಲ್ಲಿರಲಿ. ಒಸಿಐ ಕಾರ್ಡಿನ ಮಕ್ಕಳಿದ್ದರೆ, ಪಾಸ್‌ಪೋರ್ಟ್ ಹೊಸದಾದಾಗ ಅದರ ಪ್ರತಿಯನ್ನೂ ಭಾವಚಿತ್ರವನ್ನೂ ಆನ್‌ಲೈನಿನಲ್ಲಿ ಸೇರಿಸಬೇಕೇ ಎಂದು ನೋಡಿಕೊಳ್ಳಲು ನೆನಪು ಮಾಡಿ. ದೊಡ್ಡವರಾದ ಮೇಲೆ ಕಾರ್ಡು ಪಡೆದವರಿಗೆ 2021ರಿಂದ ಹೊಸ ಕಾರ್ಡೇ ಬೇಕೆಂಬ ತೊಂದರೆ ತಪ್ಪಿದೆ.

ಇನ್ನೊಂದು ಮಾತು. ಮಗನೋ ಮಗಳೋ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುತ್ತೇವೆಂದು ಫೋನು ಮಾಡಿದಾಗ ನಾವು ‘ಒಳ್ಳೆಯದಾಗಲಿ’ ಎಂದು ಹರಸಿ ಸುಮ್ಮನಾಗುತ್ತೇವೆ. ಹರಸಿ, ತಪ್ಪಿಲ್ಲ. ಜತೆಗೆ, “ಮುಂದೆ ಊರಿಗೆ ಬಂದು ತೋಟ ಮಾಡುವ ಮನಸ್ಸಿದೆಯಾ ಮಗಾ? ಬೇಲಿಯಾಚೆ ಒಂದು ತುಂಡು ಕೊಳ್ಳುವುದಿದ್ದರೆ ಈಗಲೇ ಹೇಗೆಂದು ವಿಚಾರಿಸೋಣ” ಎಂದೂ ಕೇಳಿ. ವಕೀಲರೂ ಕೇಳದ ಪ್ರಶ್ನೆ ಇದು. ಆ ನೆಲದಲ್ಲಿ ನೀರು ಎಲ್ಲಿಂದ ಬರುತ್ತದೆಂದು ಬಲ್ಲ ಮನೆಯ ಹೆಂಗಸೇ ಕೇಳಬೇಕಾದದ್ದು.