ಚಕ್ರದ ಮೇಲೆ ಬಂದು ನೆಲಕ್ಕಂಟಿದ ಮನೆ

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಿಬಂದ ನಮ್ಮ ಕಡೆಯ ತಂದೆತಾಯಿಯರ ವರ್ಣನೆಯಲ್ಲಿ ಎರಡು ಕಾರು ನಿಲ್ಲುವ ಗ್ಯಾರೇಜು, ಹುಲ್ಲುಹಾಸು, ನೆಲಮಾಳಿಗೆ ಎಲ್ಲವೂ ಇರುತ್ತವೆ. ಹೆದ್ದಾರಿಯಾಚೆ ರೈಲುಡಬ್ಬಿಗಳಂತೆ ಸಾಲಾಗಿ ನಿಂತ ಉದ್ದುದ್ದ ಮನೆಗಳ ಮಾತು ಬರುವುದು ಅಪರೂಪ. ಕಾರಿನ ವೇಗದಲ್ಲಿ ಅವು ಕಣ್ಣಿಗೆ ಬಿದ್ದರೂ ಗೋದಾಮೋ ಏನೋ ಎನ್ನಿಸಿ ಮರೆತುಹೋಗುತ್ತವೆ. ಆ ದೇಶದಲ್ಲಿ ಇಂಥ ಮನೆಗಳಲ್ಲಿ ಸುಮಾರು ಎರಡು ಕೋಟಿ ಜನ ಸಂಸಾರ ಹೂಡಿದ್ದಾರೆ. ಮೊಬೈಲ್ ಹೋಮ್, ಅಂದರೆ ಚಲಿಸುವ ಮನೆ ಎಂದು ಅದರ ಹೆಸರು.

ಹೆಸರನ್ನು ನಂಬಬಾರದು. ಮನೆ ಕಾರ್ಖಾನೆಯಲ್ಲಿ ತಯಾರಾಗಿ, ಉಕ್ಕಿನ ಚೌಕಟ್ಟಿಗೆ ಜೋಡಿಸಿದ ತನ್ನದೇ ಗಾಲಿಗಳ ಮೇಲೆ ಲಾರಿಯ ಹಿಂದೆ ಬರುವುದು ನಿಜ. ಆದರೆ ಒಮ್ಮೆ ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿದರೆ ಬಹುಪಾಲು ಮನೆಗಳು ಮತ್ತೆ ಅಲ್ಲಾಡುವುದಿಲ್ಲ. ಇವುಗಳ ನಿರ್ಮಾಣಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮಾವಳಿ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಅದಕ್ಕೂ ಹಿಂದಿನವು ಬಹಳಷ್ಟು ತೆಳುಗೋಡೆಯ, ತಗಡಿನ ಹೊದಿಕೆಯ ಮನೆಗಳು. ಹಳೆಯದೆಂದು ಅಗ್ಗಕ್ಕೆ ಸಿಗುವುದೂ ಅವೇ.

ಕೆಂಟಕಿ ರಾಜ್ಯದಲ್ಲಿ ಶಾಲಾ ಬಸ್ಸು ಓಡಿಸುವ ಒಬ್ಬಾತ, ಅವನ ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು ಅಂಥದೊಂದು 1974ರ ಮನೆಯನ್ನು ಕೊಂಡರೆಂದಿಟ್ಟುಕೊಳ್ಳೋಣ. ಅಗಲ 12 ಅಡಿ, ಉದ್ದ 60 ಅಡಿ. ಮೊದಲ ಭಾನುವಾರ ಯಾರಿಗೇ ಆಗಲಿ ಬಣ್ಣ ಬಳಿಯಬೇಕೆನಿಸುತ್ತದೆ. ನಮ್ಮಲ್ಲೂ ಅಷ್ಟೇ ತಾನೆ, ಸೋರುವ ಮಾಡಿನ ಕೆಳಗೇ ಸುಣ್ಣ ಬಳಿದು ಹಬ್ಬ ಮಾಡುವವರಿಗೆ ಕೊರತೆಯಿಲ್ಲ. ಇಂಥ ಮನೆಯಲ್ಲಿ ಬಣ್ಣದ ಸರದಿ ಕಟ್ಟಕಡೆಗೆ. ಮೊದಲು ಕೊಳ್ಳಬೇಕಾದದ್ದು ಹೊಗೆ ಕಂಡೊಡನೆ ಕೂಗುವ ಅಲಾರಂ. ಮೊದಲು ನೋಡಬೇಕಾದದ್ದು ಮಲಗುವ ಕೋಣೆಯ ಕಿಟಕಿ ಒಬ್ಬ ಮನುಷ್ಯ ಹೊರಬೀಳುವಷ್ಟು ತೆರೆಯುತ್ತದೆಯೇ ಎಂಬುದನ್ನು. ಎರಡನ್ನೂ 1976ರ ನಿಯಮ ಕಡ್ಡಾಯ ಮಾಡಿತು. 1974ರ ಮನೆಯಲ್ಲಿ ಇವೆಯೆಂದು ಭಾವಿಸುವಂತಿಲ್ಲ. ಆಗಿನ ಕೆಲವು ಮನೆಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಎಳೆದಿದ್ದಾರೆ. ಕಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಸ್ಕ್ರೂ ಸಡಿಲವಾದರೆ ಆ ಜಾಗ ಬಿಸಿಯೇರುತ್ತದೆ. ಇದು ಮನೆಯವರು ಕೈಹಾಕುವ ಕೆಲಸವಲ್ಲ, ಬಲ್ಲ ಎಲೆಕ್ಟ್ರಿಷಿಯನ್ನನ್ನೇ ಕರೆಸಬೇಕು.

ಅಷ್ಟಾದ ಮೇಲೆ ಟಾರ್ಚು ಹಿಡಿದು, ಹಳೇ ಬಟ್ಟೆ ತೊಟ್ಟು, ಮನೆಯ ಕೆಳಗೆ ನುಸುಳಬೇಕು. ಮೇಲಿನ ರೋಗಗಳ ಬೇರು ಬಹುತೇಕ ಅಲ್ಲಿಯೇ. ಬಾಗಿಲು ಚಿಲಕಕ್ಕೆ ಕೂರುವುದಿಲ್ಲ, ಕಿಟಕಿ ಬಿಗಿ, ಗೋಡೆಯ ಹಲಗೆಯ ಸಂದು ಬಿಟ್ಟಿದೆ ಎಂದರೆ ಬಾಗಿಲನ್ನು ಉಜ್ಜಿ ಫಲವಿಲ್ಲ. ಬ್ಲಾಕಿನ ಕಂಬವೊಂದು ಒದ್ದೆ ಮಣ್ಣಿನಲ್ಲಿ ಕುಸಿದು ಇಡೀ ಮನೆ ಒಂದು ಕಡೆಗೆ ವಾಲಿದೆ. ಎಷ್ಟು ವಾಲಿದೆಯೆಂದು ಅಳೆಯಲು ನಮ್ಮ ಗಾರೆಯವರ ಲೆವೆಲ್ ಪೈಪೇ ಸಾಕು: ಪಾರದರ್ಶಕ ಪೈಪು, ಒಳಗೆ ನೀರು. ಒಂದು ತುದಿ ಅಪ್ಪನ ಕೈಯಲ್ಲಿ, 60 ಅಡಿ ಆಚೆ ಇನ್ನೊಂದು ತುದಿ ಮಗಳ ಕೈಯಲ್ಲಿ. ನಡುವೆ ಪೈಪು ಎಷ್ಟೇ ಸುತ್ತು ಹಾಕಲಿ, ಎರಡೂ ತುದಿ ತೆರೆದಿದ್ದು ಒಳಗೆ ಗಾಳಿಗುಳ್ಳೆ ಇಲ್ಲದಿದ್ದರೆ ನೀರು ಎರಡೂ ಕಡೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಪುಸ್ತಕದಲ್ಲಿ ಚಿತ್ರ ಬಿಡಿಸಿ ಮರೆಯುವ ಈ ಪಾಠ ಇಲ್ಲಿ ಕಾಲಿಂಚಿನ ಲೆಕ್ಕ ಕೊಡುತ್ತದೆ. ಆಮೇಲೆ ಉಕ್ಕಿನ ತೊಲೆಯ ಕೆಳಗೆ ಹೈಡ್ರಾಲಿಕ್ ಜಾಕ್ ಇಟ್ಟು, ಒಂದೇ ಬಾರಿಗೆ ಎತ್ತದೆ ಚೂರುಚೂರೇ ಏರಿಸಿ, ಗಟ್ಟಿ ಮರದ ಬೆಣೆ ಹೊಡೆಯಬೇಕು. ಬರಿಯ ಜಾಕಿನ ಮೇಲೆ ನಿಂತ ಮನೆಯ ಕೆಳಗೆ ಯಾರೂ ತಲೆ ಹಾಕಕೂಡದು. ಪಕ್ಕದಲ್ಲಿ ಮರದ ತುಂಡುಗಳ ಅಟ್ಟಣೆ ಇರಲೇಬೇಕು.

ವಾಲಿಸಿದ್ದು ನೀರು, ಮಿಕ್ಕ ಕೇಡುಗಳಲ್ಲೂ ಹೆಚ್ಚಿನದು ನೀರಿನದೇ. ಈ ಮನೆಗಳ ನೆಲಕ್ಕೆ ಹಾಸಿದ್ದು ಬಹುಪಾಲು ಪಾರ್ಟಿಕಲ್ ಬೋರ್ಡ್. ಮರದ ಹೊಟ್ಟನ್ನು ಅಂಟಿನೊಡನೆ ಒತ್ತಿ ಮಾಡಿದ ಈ ಹಲಗೆ ಒಣಗಿದ್ದಷ್ಟು ದಿನ ಗಟ್ಟಿ. ನೆನೆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಬಚ್ಚಲ ಪಕ್ಕ ನೆಲ ಮೆತ್ತಗಾಗಿದ್ದರೆ ಮೇಲೆ ಹೊಸ ಹಾಸು ಹಾಕಿ ಮುಚ್ಚುವುದು ವಂಚನೆ. ಸೋರಿಕೆ ನಿಲ್ಲಿಸಿ, ಕೊಳೆತದ್ದನ್ನು ಕೆಳಗಿನ ಮರದ ಪಟ್ಟಿಗಳವರೆಗೆ ಕತ್ತರಿಸಿ ತೆಗೆದು, ಪ್ಲೈವುಡ್ ಕೂರಿಸಬೇಕು. ಅಂದಹಾಗೆ, ಬಚ್ಚಲ ತೊಟ್ಟಿ ಬದಲಿಸಲು ಅಂಗಡಿಗೆ ಹೋದವರಿಗೆ ಇನ್ನೊಂದು ತೊಡಕು: ಮಾಮೂಲು ಮನೆಯ ತೊಟ್ಟಿ 60 ಇಂಚು, ಇಲ್ಲಿಯದು ಸಾಮಾನ್ಯವಾಗಿ 54. ಬಾಗಿಲುಗಳ ಅಳತೆಯೂ ಬೇರೆ. ಟೇಪು ಹಿಡಿಯದೆ ಪೇಟೆಗೆ ಹೋಗುವಂತಿಲ್ಲ.

ಮಾಡು ಸೋರುವುದನ್ನು ಎಲ್ಲರೂ ಗುರುತಿಸುತ್ತಾರೆ. ಕಾಣದ ನೀರೇ ಹೆಚ್ಚು ಅಪಾಯಕಾರಿ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಒಳಗಡೆ ಹನಿಗಳಿರುತ್ತವಲ್ಲವೆ? ಚಳಿಗಾಲದಲ್ಲಿ ಈ ಮನೆಯ ತಗಡು ಅಂಥದೇ ಮುಚ್ಚಳ. ಒಳಗೆ ಅಡುಗೆ, ಸ್ನಾನ, ಉಸಿರಾಟಗಳಿಂದ ದಿನಕ್ಕೆ ಹಲವು ಲೀಟರು ನೀರು ಆವಿಯಾಗಿ ಗಾಳಿ ಸೇರುತ್ತದೆ. ಅದು ಗೋಡೆಯ ಸಂದುಗಳಲ್ಲಿ ನುಸುಳಿ ತಣ್ಣನೆಯ ತಗಡಿಗೆ ತಾಗಿದರೆ ಹನಿಗಟ್ಟಿ, ಒಳಗಿನ ಗಾಜಿನ ಹತ್ತಿಯನ್ನು ನೆನೆಸುತ್ತದೆ. ನೆನೆದ ಹತ್ತಿ ಚಳಿ ತಡೆಯದು. ಮಾಡು ಸೋರುತ್ತಿದೆಯೆಂದು ಮೇಲೆ ಹತ್ತಿ ಡಾಂಬರು ಬಳಿದರೂ ಈ ಹನಿ ನಿಲ್ಲುವುದಿಲ್ಲ. ಅಡುಗೆಮನೆ, ಬಚ್ಚಲುಗಳಲ್ಲಿ ಗಾಳಿಯನ್ನು ಹೊರದೂಡುವ ಫ್ಯಾನು ಬೇಕು. ಕೆಳಗಿನ ನೆಲದಿಂದಲೂ ತೇವ ಏರುವುದರಿಂದ ಮಣ್ಣಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಬೇಕು. ಮನೆಯ ಹೊಟ್ಟೆಗೆ ಕಟ್ಟಿದ ಹೊದಿಕೆಯನ್ನು ಇಲಿ ಹರಿದಿದ್ದರೆ, ನಲ್ಲಿ ರಿಪೇರಿಯವನು ಕೊಯ್ದು ಹಾಗೇ ಬಿಟ್ಟಿದ್ದರೆ ತೇಪೆ ಹಾಕಬೇಕು. ಆ ಹರಕಿನಿಂದ ನುಗ್ಗುವ ಚಳಿಗಾಳಿ ನೀರಿನ ಕೊಳವೆಯನ್ನು ಹೆಪ್ಪುಗಟ್ಟಿಸುತ್ತದೆ. ನೀರು ಮಂಜುಗಡ್ಡೆಯಾಗುವಾಗ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ, ಬಿರುಕು ಬಿಟ್ಟ ಕೊಳವೆ ಗೊತ್ತಾಗುವುದು ಮಂಜು ಕರಗಿದ ಮೇಲೆ, ನೆಲ ನೆನೆದಾಗ.

ಇಷ್ಟು ಮಾಡಿದರೆ 1974ರ ಮನೆ ಇನ್ನೂ ಬಹಳ ವರ್ಷ ಬಾಳುತ್ತದೆ. ತೊಂದರೆಯೆಂದರೆ, ಮನೆ ಅವರದು, ನೆಲ ಅವರದಲ್ಲ. ಅನೇಕ ಕುಟುಂಬಗಳ ಸ್ಥಿತಿ ಇದೇ: ಪಾರ್ಕ್ ಎಂದು ಕರೆಯುವ ಜಾಗದಲ್ಲಿ ಮನೆ ನಿಲ್ಲಿಸಿ ತಿಂಗಳಿಗಿಷ್ಟೆಂದು ನೆಲಬಾಡಿಗೆ ತೆರುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಇಂಥ ಮನೆಗೆ ಕಾರಿನ ಹಾಗೆ ವಾಹನದ ಹಕ್ಕುಪತ್ರ ಕೊಡುತ್ತಾರೆ. ಬಾಡಿಗೆ ಏರಿತೆಂದು ಬೇರೆಡೆ ಸಾಗಿಸಹೊರಟರೆ ಸಾವಿರಾರು ಡಾಲರು ಖರ್ಚು. 1976ಕ್ಕೆ ಹಿಂದಿನ ಮನೆಯನ್ನು ಬಹಳ ಪಾರ್ಕುಗಳು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನೆಲದ ಒಡೆಯ ಜಾಗ ಮಾರಿದರೆ, ಹೊಸ ಪ್ಲೈವುಡ್ಡೂ ನೆಟ್ಟಗೆ ನಿಂತ ಬ್ಲಾಕುಗಳೂ ಯಾರ ಪಾಲಿಗೂ ಇಲ್ಲ. 1984ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮೆರೆಡಿತ್‌ನಲ್ಲಿ ಪಾರ್ಕಿನ ನಿವಾಸಿಗಳೇ ಸಹಕಾರ ಸಂಘ ಕಟ್ಟಿ, ಸಾಲ ಪಡೆದು, ತಮ್ಮ ಕಾಲ ಕೆಳಗಿನ ನೆಲವನ್ನು ಕೊಂಡರು. ಅಂಥ ಸಂಘಗಳು ಆಮೇಲೆ ಬೇರೆ ರಾಜ್ಯಗಳಲ್ಲೂ ಹುಟ್ಟಿದವು. ಅಲ್ಲಿ ನೆಲಬಾಡಿಗೆ ಎಷ್ಟೆಂಬುದು ಸದಸ್ಯರ ಸಭೆಯಲ್ಲಿ ತೀರ್ಮಾನವಾಗುತ್ತದೆ.

ಕೆಂಟಕಿಯ ಬಸ್ ಚಾಲಕನ ಪಾರ್ಕಿನಲ್ಲಿ ಸಂಘವಿಲ್ಲ, ಕರಾರು ವರ್ಷಕ್ಕೊಮ್ಮೆ ನವೀಕರಣ. ಹಳೆ ಮಾಡಿನ ಮೇಲೊಂದು ಹೊಸ ಮಾಡು ಹೊದಿಸಿದರೆ ದೀರ್ಘಕಾಲ ಚಿಂತೆಯಿಲ್ಲ, ಆದರೆ ಅದು ದುಬಾರಿ. ಬಿಳಿಯ ರಬ್ಬರಿನಂಥ ಲೇಪ ಕೆಲವೇ ವರ್ಷ ಬರುತ್ತದೆ, ಬೇಸಗೆಯ ಬಿಸಿಲನ್ನೂ ಹಿಂದಕ್ಕೆ ಎಸೆಯುತ್ತದೆ. ಅಪ್ಪ, ಮಗಳು ಲೆಕ್ಕ ಹಾಕಿ ಲೇಪದ ಡಬ್ಬಿಯನ್ನೇ ತಂದರು. ಉಳಿದ ಹಣ ಬ್ಯಾಂಕಿನಲ್ಲಿದೆ. ಪ್ರತಿ ಅಕ್ಟೋಬರಿನಲ್ಲಿ, ಹಿಮ ಬೀಳುವ ಮೊದಲು, ಒಬ್ಬರು ಏಣಿ ಹತ್ತುತ್ತಾರೆ, ಇನ್ನೊಬ್ಬರು ಲೆವೆಲ್ ಪೈಪಿಗೆ ನೀರು ತುಂಬಿಸುತ್ತಾರೆ.