ನೃತ್ಯಕ್ಕೆ ಮುನ್ನಿನ ಉಪಾಹಾರ

ಊಟವೆಂದರೆ ಎಲೆ ಹಾಕಿ, ನೀರು ಚಿಮುಕಿಸಿ, ಕುಳಿತು ಮಾಡತಕ್ಕದ್ದು ಎಂದೇ ನಾನು ಅರುವತ್ತು ವರ್ಷ ನಂಬಿದ್ದೆನು. ನಿಂತು ತಿನ್ನುವುದು ಪಶುಧರ್ಮವೆಂದು ಶಾಲೆಯ ಹುಡುಗರನ್ನು ಗದರಿಸಿದವನೂ ನಾನೇ. ಅಂಥವನು ಕಳೆದ ವರ್ಷ ಸ್ಪೇನ್ ದೇಶದ ಸೆವಿಲ್ ನಗರದಲ್ಲಿ, ಅಂಗಡಿಯೊಂದರ ಮರದ ಕಟ್ಟೆಗೆ ಮೊಣಕೈಯೂರಿ, ಸಹಧರ್ಮಿಣಿಯೊಡನೆ ಒಂದೇ ತಟ್ಟೆಯಿಂದ ಸಿಗಡಿ ತಿಂದನೆಂದರೆ ವಾಚಕರು ನಗುವರೇನೋ. ನಾವು ಕುಮಟೆಯ ಕಡೆಯ ಸಾರಸ್ವತರು. ಮೀನು ನಮಗೆ ನಿಷಿದ್ಧವಲ್ಲ. ಈ ವಿಷಯದಲ್ಲಿ ಘಟ್ಟದ ಮೇಲಿನ ಪಂಡಿತಮಿತ್ರರೊಡನೆ ನಡೆದ ವಾದಗಳನ್ನು ಇಲ್ಲಿ ಬಿಟ್ಟಿರುವೆನು.

ಮಗನು ಮಾದ್ರಿದಿನಲ್ಲಿ ಉದ್ಯೋಗದಲ್ಲಿರುವನು. ಆತನು ನಮ್ಮನ್ನು ರೈಲಿನಲ್ಲಿ ಸೆವಿಲಿಗೆ ಕರೆತಂದು, ರಾತ್ರಿಯ ಫ್ಲಾಮೆಂಕೋ ನೃತ್ಯಕ್ಕೆ ಚೀಟಿ ತೆಗೆಸಿದ್ದನು. ಆ ದೇಶದಲ್ಲಿ ರಾತ್ರಿಯೂಟಕ್ಕೆ ಒಂಬತ್ತು ಹತ್ತು ಗಂಟೆಯಾಗುವುದು. ಅಲ್ಲಿಯ ವರೆಗೆ ಹೊಟ್ಟೆಯನ್ನು ಸಮಾಧಾನಪಡಿಸಲು ಜನರು ‘ತಾಪಾಸ್’ ಎಂಬ ಕಿರುತಟ್ಟೆಗಳ ತಿನಿಸನ್ನು ಸವಿಯುತ್ತ ಅಂಗಡಿಯಿಂದಂಗಡಿಗೆ ಸಂಚರಿಸುವರು. ‘ತಾಪಾ’ ಎಂದರೆ ಮುಚ್ಚಳ. ದ್ರಾಕ್ಷಾರಸದ ಲೋಟಕ್ಕೆ ನೊಣ ಬೀಳದಂತೆ ರೊಟ್ಟಿಯ ತುಣುಕನ್ನು ಮುಚ್ಚುತ್ತಿದ್ದುದರಿಂದ ಈ ಹೆಸರಾಯಿತೆಂದು ಹೇಳುವುದುಂಟು. ಯಾಸ್ಕನಿಗೂ ಮೆಚ್ಚುಗೆಯಾಗಬಹುದಾದ ನಿರ್ವಚನ!

ಮೊದಲು ಬಂದದ್ದು ಬೆರಳುದ್ದದ ಮೀನು. ಒಲೆಯನ್ನೇ ಕಾಣದೆ ವಿನೆಗರಿನಲ್ಲಿ ನೆನೆದು ಬೆಳ್ಳಗಾಗಿ, ಬೆಳ್ಳುಳ್ಳಿ ಆಲಿವ್ ಎಣ್ಣೆಗಳೊಡನೆ ಮಲಗಿದ್ದಿತು. ನನಗೆ ಅಷ್ಟೇನೂ ಹಿಡಿಸಲಿಲ್ಲ. ಎರಡನೆಯದು ‘ಕಸೋನ್ ಎನ್ ಅದೋಬೋ’. ಶಾರ್ಕ್ ಜಾತಿಯ ಸಣ್ಣ ಮೀನನ್ನು ವಿನೆಗರು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸಿನ ಪುಡಿಗಳಲ್ಲಿ ನೆನೆಸಿ ಕರಿದದ್ದು. ಜೀರಿಗೆಯ ವಾಸನೆ ಮೂಗಿಗೆ ಬಿದ್ದೊಡನೆ ಊರು ನೆನಪಾಯಿತು. ಆ ಮೆಣಸಾದರೂ ಅಮೇರಿಕೆಯದು. 1492ರಲ್ಲಿ ಹೊರಟ ಕೊಲಂಬಸನ ಯಾತ್ರೆಯ ತರುವಾಯ ಸ್ಪೇನಿಗೆ ಬಂದಿತು. ನಮ್ಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಹಿರಿಯರು ಮೀನಿನ ಸಾರಿಗೆ ಖಾರವನ್ನು ಕಾಳುಮೆಣಸು ಮೊದಲಾದವುಗಳಿಂದಲೇ ಪಡೆಯಬೇಕಾಗಿದ್ದಿತು.

ಮೂರನೆಯದೇ ನಾನು ಹೇಳಬೇಕೆಂದಿದ್ದುದು. ಕಾದಿಸ್ ಎಂಬ ಬಂದರಿನ ಕಡೆಯ ಭಕ್ಷ್ಯವಿದು: ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಸಿಗಡಿಗಳನ್ನು ಸಿಪ್ಪೆಸಹಿತ, ಗೋಧಿಹಿಟ್ಟು ಕಡಲೆಹಿಟ್ಟುಗಳ ತೆಳು ಸಂಪಣದಲ್ಲಿ ಈರುಳ್ಳಿಯೊಡನೆ ಕಲಸಿ, ಎಣ್ಣೆಯಲ್ಲಿ ಹರಡಿ ಗರಿಗರಿಯಾಗಿ ಕರಿಯುವರು. ತಟ್ಟೆ ಒಂದು, ಮುಳ್ಳುಚಮಚ ಮೂರು. ಬಾಯಿಗೆ ಹೋದ ಚಮಚವು ಮತ್ತೆ ತಟ್ಟೆಗೆ ಬರುವುದಷ್ಟೆ? ಎಂಜಲಿನ ಶಂಕೆಯಿಂದ ನಾನು ತಡೆದೆನು. ಮಡಿಯಲ್ಲಿ ನನಗಿಂತ ಬಿಗಿಯಾದ ನನ್ನ ಮನೆಯವಳೇ ಮೊದಲು ಕೈಚಾಚಿದಳು. ಹಬೆಯಾಡುತ್ತಿದ್ದ ತುಂಡನ್ನು ಮುರಿದು ಬಾಯಿಗಿಟ್ಟು, ಕ್ಷಣಹೊತ್ತು ಸುಮ್ಮನಿದ್ದು ಹೇಳಿದಳು: “ಕರಿದದ್ದು ಬಿಸಿ ಇದ್ದಾಗ ಹೀಗಿರ್ತದೆ ಅನ್ನುವುದೇ ಮರೆತುಹೋಗಿತ್ತು.”

ಆಕೆಯ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಮೂವತ್ತೈದು ವರ್ಷ ಆಕೆ ಬಾಣಲೆಯ ಮುಂದೆ ನಿಂತಳು. ನಾನೂ ಮಕ್ಕಳೂ ಎಲೆಯ ಮುಂದೆ ಕುಳಿತೆವು. ಮೀನು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ನಾನು ಮುಖ ಸಿಂಡರಿಸುತ್ತಿದ್ದೆನು. ನಾವೆದ್ದ ಮೇಲೆ ಆಕೆ ಉಣ್ಣುವಾಗ ಉಳಿದಿರುತ್ತಿದ್ದುದು ಆರಿ ಮೆತ್ತಗಾದ ತುಂಡು. ಪಾಣಿನಿಯ ಸೂತ್ರಗಳಲ್ಲಿ ಅರ್ಧಮಾತ್ರೆಯ ಲಾಘವವನ್ನು ಕಂಡು ಹಿಗ್ಗಿದ ನನಗೆ ಈ ಸಂಗತಿ ಒಂದು ದಿನವಾದರೂ ಹೊಳೆಯಲಿಲ್ಲ. ತಟ್ಟೆಯನ್ನು ಆಕೆಯ ಕಡೆಗೆ ಸರಿಸಿದೆನು. “ನೀವು ತಿನ್ನಿ” ಎಂದು ಆಕೆ ಹಿಂದಕ್ಕೆ ಸರಿಸಿದಳು. ಮಗನು ನಕ್ಕು ಇನ್ನೊಂದು ತಟ್ಟೆ ತರಿಸಿದನು. ಅದೂ ಬಿಸಿಯಾಗಿಯೇ ಬಂದಿತು. ಆಮೇಲೆ ನಾನೂ ಎಂಜಲಿನ ವಿಚಾರವನ್ನು ಬಿಟ್ಟೆನು.

ಅಂಗಡಿಯವನು ನಮ್ಮ ಲೆಕ್ಕವನ್ನು ಕಟ್ಟೆಯ ಮರದ ಮೇಲೆಯೇ ಸೀಮೆಸುಣ್ಣದಿಂದ ಬರೆಯುತ್ತಿದ್ದನು. 1670ರಲ್ಲಿ ಆರಂಭವಾಯಿತೆನ್ನುವ ಅಲ್ಲಿಯ ‘ಎಲ್ ರಿಂಕೋನ್‌ಸಿಯೊ’ ಎಂಬ ಅಂಗಡಿಯಲ್ಲಿಯೂ ಇದೇ ಪದ್ಧತಿಯಂತೆ. ಸೀಮೆಸುಣ್ಣ ಕಂಡರೆ ನನ್ನ ಕೈ ಸುಮ್ಮನಿರದು. ಮನಸ್ಸಿನಲ್ಲಿಯೇ ಕೂಡಿಸಿ ನೋಡಿದೆನು. ತಪ್ಪಿರಲಿಲ್ಲ. ಹಣ ಕೊಟ್ಟೊಡನೆ ಆತನು ಒದ್ದೆಬಟ್ಟೆಯಿಂದ ಎಲ್ಲವನ್ನೂ ಒರಸಿಬಿಟ್ಟನು.

ನೃತ್ಯಶಾಲೆಗೆ ಹೋಗುವ ಓಣಿಯಲ್ಲಿ ಆಕೆ ಮಗನ ತೋಳು ಹಿಡಿದು ಮೆಲ್ಲಗೆ ಕೇಳಿದಳು: “ಅಲ್ಲವೋ, ಕುಣಿತ ಮುಗಿದ ಮೇಲೂ ಆ ಅಂಗಡಿ ತೆರೆದಿರ್ತದೇನೋ?”